ಕಾಣದ ಪುಸ್ತಕದ ಋಣ

ಆ ಇನ್‌ಲ್ಯಾಂಡ್ ಪತ್ರ ನನ್ನ ಮೇಜಿಗೆ ಬಂದದ್ದು ಜೂನ್ ತಿಂಗಳ ಒಂದು ಮಧ್ಯಾಹ್ನ. ಮೂವತ್ತು ವರ್ಷ ಹತ್ತಿರವಾಯಿತು. ಆದರೂ ಅದರೊಳಗಿನ ದುಂಡಗಿನ ಅಕ್ಷರ ಈಗಲೂ ಕಣ್ಣ ಮುಂದೆ ಉಂಟು. ನಾನಾಗ ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಗುಮಾಸ್ತ. ಹೊರಗೆ ಮಳೆ ಹೊಯ್ಯುತ್ತಿತ್ತು. ಐಲ್ಯಾಂಡಿನಲ್ಲಿ ಮಳೆ ಹಿಡಿದರೆ ಹಿನ್ನೀರಿಗೂ ಆಕಾಶಕ್ಕೂ ಒಂದೇ ಬಣ್ಣ, ಎದುರಿನ ಮಟ್ಟಾಂಚೇರಿ ಪೂರ್ತಿ ಅಳಿಸಿಹೋಗುತ್ತದೆ. ಪತ್ರ ತಿರುವನಂತಪುರದ ಕೋಟೆಯೊಳಗಿನ ಒಂದು ಮನೆಯಿಂದ ಬಂದಿತ್ತು. ಬರೆದವರು ನಿವೃತ್ತ ಗ್ರಂಥಪಾಲಕಿ, ಮೂಲದಲ್ಲಿ ಪುತ್ತೂರು ಕಡೆಯವರು.

‘ತಮ್ಮ ಲೇಖನ ಓದಿದೆ, ಸಂತೋಷವಾಯಿತು. ಕೊನೆಯ ಗ್ರಂಥಋಣದಲ್ಲಿ ಹದಿನಾಲ್ಕನೆಯದಾಗಿ ಕೊಟ್ಟ ಪುಸ್ತಕವನ್ನು ನಾನು ಈವರೆಗೆ ಕಂಡಿಲ್ಲ. ತಾವು ಅದನ್ನು ಎಲ್ಲಿ ನೋಡಿದಿರಿ? ಯಾವ ವರ್ಷದ್ದು, ಎಷ್ಟು ಪುಟ ಎಂದು ತಿಳಿಸಿದರೆ ದೊಡ್ಡ ಉಪಕಾರ.’

ಇಷ್ಟೇ. ಓದಿ ಮುಗಿಸುವಾಗ ನನ್ನ ಅಂಗೈ ಬೆವರಿತ್ತು. ಯಾಕೆಂದರೆ ಹದಿನಾಲ್ಕನೆಯ ಪುಸ್ತಕವನ್ನು ನಾನೂ ಕಂಡಿರಲಿಲ್ಲ.

ಕೊಚ್ಚಿಯಲ್ಲಿದ್ದ ನಾವು ಕೆಲವು ಕನ್ನಡಿಗರು ಸೇರಿ ಆ ವರ್ಷ ಒಂದು ಸ್ಮರಣ ಸಂಚಿಕೆ ತಂದಿದ್ದೆವು. ಅದಕ್ಕೆ ನಾನು ವಿಲ್ಲಿಂಗ್ಡನ್ ದ್ವೀಪ ಹುಟ್ಟಿದ ಕಥೆ ಬರೆದೆ. ಬರೆಯಲು ಹುಮ್ಮಸ್ಸಿತ್ತು, ವಿಷಯವೂ ಅಂಥದ್ದೇ. ದಿನಾ ಕಾಲಿಡುತ್ತಿದ್ದ ನೆಲವೇ ಮನುಷ್ಯ ಮಾಡಿದ್ದು. ಹಿಂದೆ ಕೊಚ್ಚಿಯ ಅಳಿವೆಗೆ ಅಡ್ಡವಾಗಿ ಗಟ್ಟಿ ಮರಳದಿಣ್ಣೆ ಇತ್ತು. ದೊಡ್ಡ ಹಡಗು ಹೊರಗೆ ಕಡಲಲ್ಲೇ ಲಂಗರು ಹಾಕಬೇಕಿತ್ತು, ಸರಕು ದೋಣಿಗಳಲ್ಲಿ ಒಳಗೆ ಬರಬೇಕಿತ್ತು. 1920ರಲ್ಲಿ ಬಂದ ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರ್ ಆ ದಿಣ್ಣೆ ಕಡಿಸಿದರು, ಹಿನ್ನೀರಿನ ತಳ ತೋಡಿಸಿದರು, ತೋಡಿದ ಮಣ್ಣನ್ನೇ ವೆಂಡುರುತ್ತಿ ಎಂಬ ಹಳೆಯ ದ್ವೀಪದ ಪಕ್ಕ ಪೇರಿಸಿ ಹೊಸ ನೆಲ ಎಬ್ಬಿಸಿದರು. 1928ರ ಮೇ 26ರಂದು ‘ಪದ್ಮಾ’ ಎಂಬ ಹಡಗು ಹೊಸ ಚಾಲಿನಲ್ಲಿ ಒಳಗೆ ಬಂತು. ಮೊದಲು ಮದರಾಸಿನ ಗವರ್ನರ್, ಆಮೇಲೆ ವೈಸರಾಯ್ ಆದ ಲಾರ್ಡ್ ವಿಲ್ಲಿಂಗ್ಡನ್ ಹೆಸರು ದ್ವೀಪಕ್ಕೆ ಬಂತು. ಊರಿನ ಅರ್ಧ ಜನ ಇದನ್ನು ವೆಲ್ಲಿಂಗ್ಟನ್ ಐಲ್ಯಾಂಡ್ ಎನ್ನುತ್ತಾರೆ. ಆ ತಪ್ಪನ್ನು ತಿದ್ದುತ್ತಲೇ ನನ್ನ ಲೇಖನ ಶುರುವಾಗಿತ್ತು. ಹೆಸರು ಸರಿಯಾಗಿ ಬರೆಯದವರ ಮೇಲೆ ಒಂದು ಪ್ಯಾರಾ ಪೂರ್ತಿ ಬೇಸರ ತೋಡಿಕೊಂಡಿದ್ದೆ.

ಲೇಖನ ಎಂಟು ಪುಟ. ಅದಕ್ಕೆ ನಾನು ನಿಜವಾಗಿ ಓದಿದ್ದು ಐದು ಪುಸ್ತಕ, ಒಂದಿಷ್ಟು ವರದಿ. ಆದರೆ ಲೇಖನದ ಕೆಳಗೆ ‘ಗ್ರಂಥಋಣ’ ಎಂದು ಬರೆದು ಐದು ಹೆಸರು ಹಾಕಿದಾಗ ಪುಟ ಬರಿದಾಗಿ ಕಂಡಿತು. ಅದೇ ಸಂಚಿಕೆಯಲ್ಲಿ ಇಬ್ಬರು ಪ್ರಾಧ್ಯಾಪಕರ ಲೇಖನಗಳಿದ್ದವು. ನಾನು ಕಾಸರಗೋಡಿನ ಹಳ್ಳಿ ಶಾಲೆಯಲ್ಲಿ ಕನ್ನಡ ಕಲಿತು, ಬಿ.ಕಾಂ. ಮಾಡಿ ಹಡಗಿನ ಕಾಗದಪತ್ರ ಬರೆಯುವವನು. ಅವರ ಸಾಲಿನಲ್ಲಿ ನನ್ನ ಹೆಸರೂ ಅಚ್ಚಾಗುತ್ತದೆಂಬ ಹಿಗ್ಗಿನ ಅಡಿಯಲ್ಲಿ ಒಂದು ಅಂಜಿಕೆ ಇತ್ತು. ಬಂದರಿನ ಚರಿತ್ರೆ ಕುರಿತ ಒಂದು ಪ್ರಬಂಧದ ಜೆರಾಕ್ಸ್ ನನ್ನಲ್ಲಿತ್ತು. ಅದರ ಕೊನೆಯ ಪಟ್ಟಿಯಿಂದ ಹದಿನೆಂಟು ಪುಸ್ತಕಗಳನ್ನು ಎತ್ತಿಕೊಂಡೆ. ಬ್ರಿಸ್ಟೋ ಬರೆದ, 1959ರಲ್ಲಿ ಬಂದ ‘ಕೊಚ್ಚಿನ್ ಸಾಗಾ’ ಕೂಡ ಹಾಗೆ ಎತ್ತಿಕೊಂಡದ್ದೇ. ಯಾರ ಕೆಲಸದ ಬಗ್ಗೆ ಎಂಟು ಪುಟ ಬರೆದೆನೋ ಅವರೇ ಬರೆದ ಪುಸ್ತಕವನ್ನು ನಾನು ಮುಟ್ಟಿಯೂ ನೋಡಿರಲಿಲ್ಲ.

ರಾತ್ರಿ ಹತ್ತು ಗಂಟೆಗೆ ನಿದ್ದೆಗಣ್ಣಿನಲ್ಲಿ ನಕಲು ಮಾಡುವಾಗ ಕಣ್ಣು ಒಂದು ಸಾಲು ಜಾರಿತು. ಮೇಲಿನ ಸಾಲಿನಲ್ಲಿದ್ದ ಒಬ್ಬ ಇಂಗ್ಲಿಷ್ ಎಂಜಿನಿಯರರ ಹೆಸರಿಗೆ ಕೆಳಗಿನ ಸಾಲಿನಲ್ಲಿದ್ದ, ಡಚ್ಚರ ಕಾಲದ ಬಂದರಿನ ಪುಸ್ತಕದ ಶೀರ್ಷಿಕೆ ಅಂಟಿತು. ಹಾಗೆ ಹುಟ್ಟಿದ್ದು ಹದಿನಾಲ್ಕನೆಯ ಪುಸ್ತಕ. ಅಂಥದ್ದನ್ನು ಯಾರೂ ಬರೆದಿರಲಿಲ್ಲ, ಯಾರೂ ಅಚ್ಚು ಹಾಕಿರಲಿಲ್ಲ. ಪತ್ರ ಬಂದ ದಿನ ಸಂಜೆ ಜೆರಾಕ್ಸ್ ತೆಗೆದು ನೋಡಿದಾಗ ನನಗೆ ಇದು ಗೊತ್ತಾಯಿತು.

ಆಗಲೇ ನಿಜ ಬರೆದಿದ್ದರೆ ಮುಗಿಯುತ್ತಿತ್ತು. ನಾನು ಬರೆದದ್ದು ಬೇರೆ. ಊರಿನ ಸ್ನೇಹಿತರೊಬ್ಬರ ಮನೆಯಲ್ಲಿ ನೋಡಿದ ನೆನಪು, ಹಳೆಯ ಪ್ರತಿ, ಮುಖಪುಟ ಹರಿದಿತ್ತು, ಹಾಗಾಗಿ ವರ್ಷ ತಿಳಿಯದು ಎಂದು ನಾಲ್ಕು ಸಾಲು ಗೀಚಿ ಡಬ್ಬಿಗೆ ಹಾಕಿದೆ. ಹರಿದ ಮುಖಪುಟ ನನಗೆ ಹೇಗೆ ಹೊಳೆಯಿತೋ! ಇಲ್ಲದ ಪುಸ್ತಕಕ್ಕೆ ಒಂದು ಮನೆ, ಒಂದು ಕಪಾಟು, ಒಂದು ಹರಿದ ಹಾಳೆ ಕೊಟ್ಟುಬಿಟ್ಟಿದ್ದೆ.

ಎಂಟೇ ದಿನದಲ್ಲಿ ಉತ್ತರ ಬಂತು. ಆ ತಾಯಿಗೆ ಆದ ಖುಷಿ ಅಕ್ಷರಗಳಲ್ಲೇ ಕಾಣುತ್ತಿತ್ತು. ಮಲಬಾರ್ ಮತ್ತು ತಿರುವಾಂಕೂರಿನ ಬಂದರುಗಳ ಬಗ್ಗೆ ಯಾವ ಭಾಷೆಯಲ್ಲಿ ಏನೇ ಬಂದಿದ್ದರೂ ಅದರ ಸೂಚಿ ಮಾಡುವುದು ಅವರ ನಿವೃತ್ತಿಯ ಕೆಲಸ. ಈ ಪುಸ್ತಕಕ್ಕಾಗಿ ಪಾಳಯದ ಸ್ಟೇಟ್ ಸೆಂಟ್ರಲ್ ಲೈಬ್ರರಿಯಲ್ಲಿ ಮೂರು ದಿನ ಕೂತಿದ್ದರು. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹುಡುಕಿದ್ದರು. ಮದರಾಸಿನ ಕನ್ನಿಮಾರ ಗ್ರಂಥಾಲಯಕ್ಕೆ ಕಾಗದ ಹಾಕಿ ಕಾಯುತ್ತಿದ್ದರು. ‘ಪ್ರತಿ ಕಾಸರಗೋಡಿನಲ್ಲಿ ಉಂಟೆಂದಿರಿ. ನನಗೆ ಅರುವತ್ತೆಂಟು, ರೈಲಿನಲ್ಲಿ ಒಬ್ಬಳೇ ಬರಬಲ್ಲೆ. ಆ ಮನೆಯವರ ವಿಳಾಸ ಕೊಡಿ. ಒಂದು ಗಂಟೆ ನೋಡಿದರೆ ಸಾಕು, ಪುಸ್ತಕ ಕೇಳುವುದಿಲ್ಲ.’

ಪತ್ರ ಜೇಬಿನಲ್ಲಿಟ್ಟುಕೊಂಡು ಟರ್ಮಿನಸ್ ಜೆಟ್ಟಿಗೆ ಹೋಗಿ ನಿಂತೆ. ಬೋಟು ಬಂತು, ಜನ ಇಳಿದರು, ಹತ್ತಿದರು, ಹೋಯಿತು. ಇನ್ನೊಂದು ಬಂತು. ನಾನು ಹತ್ತಲಿಲ್ಲ. ತಿರುವನಂತಪುರದಿಂದ ಕಾಸರಗೋಡೆಂದರೆ ಕೇರಳದ ಉದ್ದಕ್ಕೂ ಒಂದು ರಾತ್ರಿಯ ಪ್ರಯಾಣ. ನಾನು ಕಣ್ಣು ಜಾರಿಸಿ ಬರೆದ ಒಂದು ಸಾಲನ್ನು ಹಿಡಿದುಕೊಂಡು ಒಬ್ಬ ಮುದುಕಿ ಅಷ್ಟು ದೂರ ಹೊರಡಲು ಸಿದ್ಧರಾಗಿದ್ದರು.

ನನ್ನನ್ನು ಹೆಚ್ಚು ಚುಚ್ಚಿದ್ದು ಇನ್ನೊಂದು. ಪಟ್ಟಿ ಮಾಡುವುದೇ ನನ್ನ ಹೊಟ್ಟೆಪಾಡು. ಹಡಗು ಬಂದರಿಗೆ ಬರುವಾಗ ಮ್ಯಾನಿಫೆಸ್ಟ್ ಬರಬೇಕು. ಯಾವ ಪೆಟ್ಟಿಗೆ, ಎಷ್ಟು, ಅದರ ಮೇಲಿನ ಗುರುತೇನು, ಕಳಿಸಿದವರು ಯಾರು, ಪಡೆಯುವವರು ಯಾರು ಎಲ್ಲ ಅದರಲ್ಲಿರಬೇಕು. ಸರಕು ಇಳಿಯುವಾಗ ಟ್ಯಾಲಿ ಕ್ಲಾರ್ಕ್ ವಾರ್ಫಿನಲ್ಲಿ ನಿಂತು ಒಂದೊಂದನ್ನೇ ಎಣಿಸಿ ಗೀಟು ಹಾಕುತ್ತಾನೆ. ಪಟ್ಟಿಯಲ್ಲಿದ್ದೂ ಹಡಗಿನಿಂದ ಇಳಿಯದ ಪೆಟ್ಟಿಗೆಗೆ ಶಾರ್ಟ್ ಲ್ಯಾಂಡಿಂಗ್ ಎನ್ನುತ್ತೇವೆ. ಅದಕ್ಕೆ ಸರಿಯಾದ ವಿವರಣೆ ಕೊಡದಿದ್ದರೆ 1962ರ ಕಸ್ಟಮ್ಸ್ ಕಾಯ್ದೆಯ 116ನೇ ಕಲಮಿನಂತೆ ದಂಡ. ಅಷ್ಟು ವರ್ಷದ ಕೆಲಸದಲ್ಲಿ ಇಲ್ಲದ ಪೆಟ್ಟಿಗೆಯನ್ನು ನಾನು ಮ್ಯಾನಿಫೆಸ್ಟಿಗೆ ಸೇರಿಸಿದವನಲ್ಲ. ಸೋಪಿನ ಪೆಟ್ಟಿಗೆಗೆ ತೋರಿಸಿದ ಮರ್ಯಾದೆಯನ್ನು ಪುಸ್ತಕಕ್ಕೆ ತೋರಿಸಿರಲಿಲ್ಲ.

ಶನಿವಾರ ರಜೆ ಹಾಕಿ ಬೆಳಗಿನ ವಂಚಿನಾಡ್ ಹಿಡಿದೆ. ಕೊಲ್ಲಂ ದಾಟುವವರೆಗೂ ಹೇಳಬೇಕಾದ ಮಾತು ಜೋಡಿಸುತ್ತಲೇ ಇದ್ದೆ. ಕೆಲಸದ ಒತ್ತಡ, ನಿದ್ದೆಗಣ್ಣು, ಅಚ್ಚಿನ ಮನೆಯವರ ಅವಸರ. ವರ್ಕಲ ಬರುವ ಹೊತ್ತಿಗೆ ಒಂದೂ ಉಳಿಯಲಿಲ್ಲ.

ದೇವಸ್ಥಾನದ ಹಿಂದಿನ ಓಣಿಯಲ್ಲಿ ಮನೆ. ಬಾಗಿಲು ತೆರೆದವರು ಬಿಳಿ ಸೀರೆಯ, ಸಣ್ಣ ಆಳಿನ ಹೆಂಗಸು. ಹೆಸರು ಹೇಳುತ್ತಿದ್ದಂತೆ ಮುಖ ಅರಳಿತು.

‘ಪುಸ್ತಕ ತಂದಿರಾ?’

ಆ ಪ್ರಶ್ನೆಗೆ ನಾನು ಸಿದ್ಧನಾಗಿರಲಿಲ್ಲ. ‘ಇಲ್ಲ ಅಮ್ಮ. ಆ ಪುಸ್ತಕವೇ ಇಲ್ಲ’ ಎಂದೆ. ಹೊಸ್ತಿಲ ಹೊರಗೆ, ಚಪ್ಪಲಿ ಕಾಲಿನಲ್ಲೇ ನಿಂತು ಎಲ್ಲ ಹೇಳಿಬಿಟ್ಟೆ. ಜೆರಾಕ್ಸ್, ಹದಿನೆಂಟು ಪುಸ್ತಕ, ಜಾರಿದ ಸಾಲು, ಹರಿದ ಮುಖಪುಟದ ಸುಳ್ಳು.

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬಾಗಿಲ ಚೌಕಟ್ಟು ಹಿಡಿದ ಕೈ ಹಾಗೇ ಇತ್ತು. ಆಮೇಲೆ, ‘ಒಳಗೆ ಬನ್ನಿ. ಇಷ್ಟು ದೂರ ಬಂದಿದ್ದೀರಿ, ಕಾಫಿ ಕುಡಿಯಿರಿ’ ಎಂದರು. ಆ ಮರ್ಯಾದೆ ತಡೆಯುವುದು ಕಷ್ಟವಾಯಿತು. ಬೈದಿದ್ದರೆ ತಲೆ ಎತ್ತಬಹುದಿತ್ತು.

ಒಳಗಿನ ಕೋಣೆಯ ಗೋಡೆಯುದ್ದಕ್ಕೂ ಮರದ ಡ್ರಾಯರುಗಳು, ಒಳಗೆ ಲೈಬ್ರರಿ ಕಾರ್ಡುಗಳು. ಕಪಾಟಿನಲ್ಲಿ ಕೆ.ಎಂ. ಗೋವಿಯವರ ‘ಮಲಯಾಳ ಗ್ರಂಥಸೂಚಿ’ಯ ದಪ್ಪ ಸಂಪುಟಗಳು. 1772ರಲ್ಲಿ ರೋಮಿನಲ್ಲಿ ಅಚ್ಚಾದ ‘ಸಂಕ್ಷೇಪವೇದಾರ್ಥ’ದಿಂದ ಹಿಡಿದು ಮಲಯಾಳದ ಪುಸ್ತಕಗಳನ್ನು ದಾಖಲಿಸಿದ ಆ ಕೆಲಸವನ್ನು ಅವರು ಕೈಯಿಂದ ಸವರಿ ತೋರಿಸಿದರು. ಕಾಫಿ ಲೋಟ ಕೆಳಗಿಟ್ಟ ಮೇಲೆ ಕೇಳಿದರು: ‘ಬಿಬ್ಲಿಯಾಗ್ರಫಿ ಅಂದರೆ ಎಂತ ಗೊತ್ತುಂಟಾ?’

‘ಪುಸ್ತಕಗಳ ಪಟ್ಟಿ.’

‘ಅದು ಈಗಿನ ಅರ್ಥ. ಗ್ರೀಕರಲ್ಲಿ ಬಿಬ್ಲಿಯಾನ್ ಅಂದರೆ ಪುಸ್ತಕ, ಗ್ರಾಫಿಯಾ ಅಂದರೆ ಬರೆಯುವುದು. ಪುಸ್ತಕವನ್ನು ಕೂತು ನಕಲು ಮಾಡುವುದಕ್ಕೇ ಮೊದಲು ಆ ಹೆಸರಿದ್ದದ್ದು. ಬಿಬ್ಲಿಯೋಗ್ರಾಫೋಸ್ ಅಂದರೆ ಲಿಪಿಕಾರ, ನಮ್ಮ ಓಲೆ ಬರೆಯುವವನ ಹಾಗೆ.’

ನಾನು ತಲೆ ತಗ್ಗಿಸಿದೆ. ನಾನು ಮಾಡಿದ್ದೂ ನಕಲೇ ಅಲ್ಲವೇ?

ಅವರಿಗೆ ನನ್ನ ಮುಖ ಓದಲು ಕಷ್ಟವಾಗಲಿಲ್ಲ. ‘ನಕಲು ಮಾಡುವುದು ತಪ್ಪಲ್ಲ ಮಾರಾಯ್ರೆ. ನಮ್ಮ ಓಲೆಗಳ ಕೊನೆಗೆ ಲಿಪಿಕಾರ ಏನು ಬರೆಯುತ್ತಾನೆ? ಎದುರಿಗಿದ್ದದ್ದನ್ನು ಕಂಡ ಹಾಗೆ ಇಳಿಸಿದೆ, ತಪ್ಪಿದ್ದರೆ ನನ್ನನ್ನು ದೂರಬೇಡಿ ಎಂಬರ್ಥದ ಮಾತು. ಕಂಡದ್ದನ್ನು ಬರೆದೆ ಎಂಬ ಒಂದು ಧೈರ್ಯ ಅವನಿಗಿತ್ತು. ನೀವು ಕಾಣದ್ದನ್ನು ಬರೆದಿರಿ.’

ಅವರ ದನಿ ಏರಿರಲಿಲ್ಲ. ಆದರೆ ನನ್ನ ಜೀವನದಲ್ಲಿ ಯಾರೂ ಅಷ್ಟು ಸರಿಯಾಗಿ ನನ್ನ ತಪ್ಪನ್ನು ಹೆಸರಿಟ್ಟು ಕರೆದದ್ದಿಲ್ಲ.

ಆಮೇಲೆ ಆ ಪದದ ಬೇರು ಹುಡುಕುತ್ತ ನಾನೇ ಹೋದೆ. ಈಗಿನ ಲೆಬನಾನಿನ ಕಡಲ ದಂಡೆಯಲ್ಲಿ ಜುಬೈಲ್ ಎಂಬ ಊರುಂಟು. ಫಿನೀಷಿಯನ್ನರ ಕಾಲದಲ್ಲಿ ಅದು ಗೆಬಾಲ್ ಎಂಬ ಬಂದರು. ಗ್ರೀಕರು ಬಿಬ್ಲೋಸ್ ಎಂದರು. ಈಜಿಪ್ಟಿನ ಪಪೈರಸ್ ಹಾಳೆ ಗ್ರೀಸಿಗೆ ಸಾಗುತ್ತಿದ್ದದ್ದು ಆ ಬಂದರಿನಿಂದ, ಹಾಗಾಗಿ ಹಾಳೆಗೂ ಆ ಹೆಸರು ಬಂತು, ಹಾಳೆಯಿಂದ ಪುಸ್ತಕಕ್ಕೆ, ಪುಸ್ತಕಗಳಿಂದ ಬೈಬಲ್ಲಿಗೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಹಾಳೆಯ ಹೆಸರೇ ಊರಿಗೆ ಹೋಯಿತೆಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಬಂದರಿನ ಹೆಸರು ಸರಕಿಗೆ ಹತ್ತುವುದು ನಮಗೆ ಹೊಸತಲ್ಲ. ಕಲ್ಲಿಕೋಟೆಯಿಂದ ಹೋದ ಬಟ್ಟೆ ಕ್ಯಾಲಿಕೋ ಆಯಿತಷ್ಟೆ. ಬಂದರಿನಲ್ಲಿ ಅನ್ನ ತಿಂದ ನನಗೆ, ಪುಸ್ತಕದ ಹೆಸರಿನೊಳಗೇ ಒಂದು ವಾರ್ಫ್ ಇದೆಯೆಂದು ತಿಳಿದಾಗ ಆದ ಪುಳಕ ಹೇಳತೀರದು. ಪಟ್ಟಿ ಎಂಬ ಅರ್ಥ ಬಹಳ ತಡವಾಗಿ ಬಂದದ್ದು. 1545ರಲ್ಲಿ ಜ್ಯೂರಿಕ್ಕಿನ ಕಾನ್ರಾಡ್ ಗೆಸ್ನರ್ ದೊಡ್ಡ ಗ್ರಂಥಪಟ್ಟಿ ಅಚ್ಚು ಹಾಕಿಸಿದಾಗ ಅದನ್ನು ‘ಬಿಬ್ಲಿಯೋಥೆಕಾ’ ಎಂದು ಕರೆದರೇ ಹೊರತು ಬಿಬ್ಲಿಯಾಗ್ರಫಿ ಎನ್ನಲಿಲ್ಲ. 1633ರಲ್ಲಿ ಫ್ರಾನ್ಸಿನ ಗೇಬ್ರಿಯಲ್ ನೋದೆ ತಮ್ಮ ಪುಸ್ತಕವೊಂದಕ್ಕೆ ‘ಬಿಬ್ಲಿಯೋಗ್ರಾಫಿಯಾ ಪೊಲಿಟಿಕಾ’ ಎಂದು ಹೆಸರಿಟ್ಟರು. ಪುಸ್ತಕ ಬರೆಯುವುದು ಎಂಬುದು ಪುಸ್ತಕಗಳ ಬಗ್ಗೆ ಬರೆಯುವುದು ಎಂದಾಗಲು ಇನ್ನೂ ನೂರು ವರ್ಷದ ಮೇಲೆ ಹಿಡಿಯಿತು.

ನಮ್ಮ ಪದಗಳು ನನ್ನನ್ನು ಇನ್ನೂ ಹತ್ತಿರದಿಂದ ತಟ್ಟಿದವು. ಗ್ರಂಥ ಎಂದರೆ ಕಟ್ಟಿದ್ದು, ಪೋಣಿಸಿದ್ದು. ಗ್ರಂಥಿ ಎಂಬ ಗಂಟಿನ ನಂಟು. ಓಲೆಗರಿಗೆ ತೂತು ಕೊರೆದು ದಾರ ಏರಿಸಿ ಕಟ್ಟುವುದನ್ನು ಕಂಡವರಿಗೆ ಅದು ಹೇಳಬೇಕಾಗಿಲ್ಲ. ಸೂಚಿ ಎಂದರೆ ಸಂಸ್ಕೃತದಲ್ಲಿ ಸೂಜಿಯೂ ಹೌದು. ಆದರೆ ಕನ್ನಡದವರು ಪುಸ್ತಕದ ಕೊನೆಗೆ ಗ್ರಂಥಸೂಚಿ ಎಂದಷ್ಟೇ ಬರೆಯುವುದಿಲ್ಲ, ಎಷ್ಟೋ ಜನ ಗ್ರಂಥಋಣ ಎಂದು ಬರೆಯುತ್ತಾರೆ. ಬೇರೆ ಯಾವ ಪದಕ್ಕೂ ಈ ತೂಕ ಇಲ್ಲವೆಂದು ನನ್ನ ಅನಿಸಿಕೆ. ದೇವಋಣ, ಪಿತೃಋಣಗಳ ಜೊತೆ ಋಷಿಋಣ ಎಂದೊಂದು ಉಂಟು. ಓದಿಯೇ ಅದನ್ನು ತೀರಿಸಬೇಕೆಂದು ಹಿರಿಯರು ಹೇಳುತ್ತಾರೆ. ಸಾಲ ಮಾಡದವನು ಸಾಲಗಾರನೆಂದು ಬರೆಸಿಕೊಂಡರೆ ಅದೆಂಥ ಋಣ? ಓದದ ಹದಿನೆಂಟು ಪುಸ್ತಕಗಳಿಗೆ ಋಣಿ ಎಂದು ನಾನು ಅಚ್ಚು ಹಾಕಿಸಿದ್ದೆ. ನಿಜವಾಗಿ ಯಾವ ಪ್ರಬಂಧದಿಂದ ಸಾಲ ಮಾಡಿದ್ದೆನೋ ಅದರ ಹೆಸರು ಮಾತ್ರ ಪಟ್ಟಿಯಲ್ಲಿರಲಿಲ್ಲ. ಅದನ್ನು ಹಾಕಿದರೆ ನಕಲು ಗೊತ್ತಾಗುತ್ತದೆಂದು ಬೇಕೆಂದೇ ಬಿಟ್ಟಿದ್ದೆ. ಆ ತಾಯಿಯ ಎದುರೂ ಇದೊಂದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಊರಿಗೆ ಮರಳಿದ ಮೇಲೆ ಕಾಗದದಲ್ಲಿ ಬರೆದೆ.

ನಮ್ಮ ಹಳೆಯ ಕವಿಗಳು ಈ ಋಣವನ್ನು ಮೊದಲಿಗೇ ಹೇಳಿಬಿಡುತ್ತಿದ್ದರು. ಕಾವ್ಯದ ಆರಂಭದಲ್ಲೇ ಪೂರ್ವಕವಿಗಳ ಸ್ಮರಣೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದಲ್ಲಿ ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂದು ಕನ್ನಡ ಗದ್ಯ ಬರೆದವರ ಹೆಸರುಗಳಿವೆ. ಅವರ ಆ ಗದ್ಯ ನಮಗೆ ಉಳಿದು ಬಂದಿಲ್ಲ. ಸಾವಿರದ ಇನ್ನೂರು ವರ್ಷ ಹತ್ತಿರವಾದರೂ ಅಂಥವರು ಇದ್ದರೆಂದು ನಾವು ನಂಬುವುದು ಆ ಪಟ್ಟಿಯ ಮೇಲಿನ ನಂಬಿಕೆಯಿಂದ. ಪುಟ ತುಂಬಲಿ ಎಂದು ಆ ಕವಿಯೂ ಎರಡು ಹೆಸರು ಸೇರಿಸಿದ್ದರೆ? ಯೋಚಿಸಿದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಕೊಚ್ಚಿಯಲ್ಲೇ ನಡೆದ ಇನ್ನೊಂದನ್ನು ಹೇಳಬೇಕು, ಐಲ್ಯಾಂಡಿನಿಂದ ಕೂಗಳತೆಯ ದೂರದ್ದು. ಡಚ್ ಗವರ್ನರ್ ವಾನ್ ರೀಡೆ ‘ಹೋರ್ತುಸ್ ಮಲಬಾರಿಕುಸ್’ ಮಾಡಿಸಿದರು. ಮಲಬಾರಿನ ಗಿಡಮೂಲಿಕೆಗಳ ಹನ್ನೆರಡು ಸಂಪುಟ, 1678ರಿಂದ 1693ರವರೆಗೆ ಆಮ್ಸ್ಟರ್ಡ್ಯಾಮಿನಲ್ಲಿ ಅಚ್ಚಾದವು. ಭಾಷೆ ಲ್ಯಾಟಿನ್. ಆದರೆ ಮೊದಲ ಸಂಪುಟದಲ್ಲಿ, ತಾವೇ ಈ ವಿವರ ಕೊಟ್ಟದ್ದೆಂದು ಇಟ್ಟಿ ಅಚ್ಯುತನ್ ವೈದ್ಯರ ಮಾತು ಅವರದೇ ಕೋಲೆಳುತ್ತು ಲಿಪಿಯಲ್ಲಿದೆ. ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಕೊಂಕಣಿ ವೈದ್ಯರ ಮಾತು ನಾಗರಿಯಲ್ಲಿದೆ. ಯಾರಿಂದ ತಿಳಿದೆವು ಎಂಬುದನ್ನು ಅವರವರ ಕೈಬರಹದಲ್ಲೇ ಲೋಕಕ್ಕೆ ತೋರಿಸಿದ ಪುಸ್ತಕ ತಯಾರಾದ ಊರಿನಲ್ಲಿ ಕೂತು ನಾನು ಆ ಪಟ್ಟಿ ಬರೆದಿದ್ದೆ.

ಸಂಚಿಕೆಯ ಪ್ರತಿಗಳು ಆಗಲೇ ಮನೆಮನೆ ಸೇರಿದ್ದವು. ಒಂದು ಒಪ್ಪೋಲೆ ಬರೆದು, ಸೈಕ್ಲೋಸ್ಟೈಲ್ ಮಾಡಿಸಿ, ಭಾನುವಾರಗಳಲ್ಲಿ ಗೋಂದಿನ ಬಾಟ್ಲಿ ಹಿಡಿದು ಹೊರಟೆ. ಎರ್ನಾಕುಲಂ, ಮಟ್ಟಾಂಚೇರಿ, ತೋಪ್ಪುಂಪಡಿ. ‘ಗ್ರಂಥಋಣದಲ್ಲಿ 1ರಿಂದ 5ರವರೆಗಿನವನ್ನು ಮಾತ್ರ ಲೇಖಕ ಓದಿದ್ದಾನೆ. ಉಳಿದವು ಬೇರೊಂದು ಪ್ರಬಂಧದಿಂದ ತೆಗೆದವು. 14ನೆಯದು ಇಲ್ಲದ ಪುಸ್ತಕ.’ ಹೆಚ್ಚಿನವರು ಓದದೇ ಅಂಟಿಸಲು ಬಿಟ್ಟರು. ಕೆಲವರಿಗೆ ಸಂಚಿಕೆ ಎಲ್ಲಿಟ್ಟಿದ್ದೇವೆಂದೇ ನೆನಪಿರಲಿಲ್ಲ. ಪ್ರಾಧ್ಯಾಪಕರೊಬ್ಬರು ಚೀಟಿಯನ್ನು ಎರಡು ಸಲ ಓದಿ, ನನ್ನನ್ನು ನೋಡಿ, ಏನೂ ಹೇಳದೆ ತಾವೇ ಗೋಂದು ಹಚ್ಚಿದರು. ಎಲ್ಲರ ಮನೆಗೂ ಮುಟ್ಟಲು ಆಗಲಿಲ್ಲ. ಆ ಚೀಟಿ ಇಲ್ಲದ ಪ್ರತಿಗಳು ಎಲ್ಲೆಲ್ಲೋ ಇವೆ. ಯಾವುದಾದರೂ ಹುಡುಗ ಅದನ್ನು ತೆರೆದು ಹದಿನಾಲ್ಕನೆಯ ಸಾಲನ್ನು ನಂಬಿಯಾನು ಎಂಬ ಕಳವಳ ಇವತ್ತಿಗೂ ಹೋಗಿಲ್ಲ.

ತಿರುವನಂತಪುರದಿಂದ ಹೊರಡುವ ಮೊದಲು ನಡೆದ ಒಂದನ್ನು ಹೇಳದೆ ಬಿಟ್ಟೆ. ಆ ತಾಯಿ ಡ್ರಾಯರಿನಿಂದ ಒಂದು ಕಾರ್ಡು ತೆಗೆದರು. ನನ್ನ ಹದಿನಾಲ್ಕನೆಯ ಪುಸ್ತಕ ಅಚ್ಚುಕಟ್ಟಾಗಿ ಅದರಲ್ಲಿ ಕೂತಿತ್ತು. ವರ್ಷದ ಜಾಗ, ಪುಟದ ಜಾಗ ಖಾಲಿ. ಕೆಳಗೆ ಪೆನ್ಸಿಲಿನಲ್ಲಿ, ಹುಡುಕಿದ ಗ್ರಂಥಾಲಯಗಳ ಹೆಸರು, ತಾರೀಖು. ಹರಿದು ಹಾಕುತ್ತಾರೆಂದು ನಾನು ಕೈ ಚಾಚಿದೆ.

‘ಹರಿಯಬಾರದು. ನಾಳೆ ಇನ್ನೊಬ್ಬರು ನಿಮ್ಮ ಲೇಖನ ನೋಡಿ ಹುಡುಕಲು ಹೊರಟರೆ? ಇಲ್ಲ ಎಂಬುದೂ ಸೂಚಿಯಲ್ಲಿ ಇರಬೇಕು. ಓದುವವರ ಹೊತ್ತು ಉಳಿಸಬೇಕು ಅಂತ ನಮ್ಮ ಗ್ರಂಥಾಲಯ ಶಾಸ್ತ್ರದ ರಂಗನಾಥನ್ ಅವರು ಒಂದು ಸೂತ್ರವನ್ನೇ ಮಾಡಿಟ್ಟಿದ್ದಾರೆ.’

ಪೆನ್ನು ತೆಗೆದು, ಎರಡು ನಮೂದು ಬೆರೆತು ಹುಟ್ಟಿದ್ದು, ಇಂಥ ಪುಸ್ತಕ ಇಲ್ಲ ಎಂದು ಶಾಯಿಯಲ್ಲಿ ಬರೆದರು. ತಾರೀಖು ಹಾಕಿದರು. ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

‘ಯಾರಿಂದ ತಿಳಿಯಿತೆಂದೂ ಹಾಕಬೇಕಲ್ಲ. ನಿಮ್ಮ ಹೆಸರು ಬರೆಯಲಾ?’

‘ಬರೆಯಿರಿ ಅಮ್ಮ’ ಎಂದೆ.

ನಿಧಾನವಾಗಿ ಬರೆದರು. ಅಕ್ಷರ ಸರಿಯುಂಟಾ ಎಂದು ಕಾರ್ಡನ್ನು ನನ್ನ ಕಡೆ ತಿರುಗಿಸಿದರು. ನಾನು ಹೂಂ ಎಂದ ಮೇಲೆ, ಶಾಯಿ ಒಣಗುವವರೆಗೆ ಊದಿ, ಮೊದಲಿದ್ದ ಜಾಗದಲ್ಲೇ, ನಿಜವಾದ ಎರಡು ಪುಸ್ತಕಗಳ ನಡುವೆ ಅದನ್ನು ಇಟ್ಟು ಡ್ರಾಯರು ತಳ್ಳಿದರು.